ಮೂರ್ಛೆರೋಗದ ಮಾತ್ರೆಗಳನ್ನು ಸುರಕ್ಷಿತವಾಗಿ ತೆಗೆದುಕೊಳ್ಳುವ ಕ್ರಮ: ಮುಂಬಯಿಯ ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಗಳಲ್ಲಿ ಫಿಟ್ಸ್ ಎಂದು ಕರೆಯುವ ಮೂರ್ಛೆರೋಗ ಅಥವಾ ಅಪಸ್ಮಾರವು, ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಇದ್ದಕ್ಕಿದ್ದಂತೆ ಅತಿಯಾಗುವುದರಿಂದ ಬರುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದ್ದು, ಸರಿಯಾಗಿ ಪತ್ತೆಹಚ್ಚಿ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಆ ಚಿಕಿತ್ಸೆ ಎಂದರೆ ಬಹುತೇಕರ ಪಾಲಿಗೆ ದಿನಕ್ಕೆ ಒಂದೋ ಎರಡೋ ಬಾರಿ ನುಂಗುವ ಮಾತ್ರೆ, ಅಷ್ಟೇ. ಆದರೆ ಈ ಮಾತ್ರೆ ಕಾಯಿಲೆಯ ಬೇರನ್ನು ಕಿತ್ತುಹಾಕುವುದಿಲ್ಲ. ರಕ್ತದಲ್ಲಿ ಸಾಕಷ್ಟು ಪ್ರಮಾಣದಲ್ಲಿ ಇರುವವರೆಗೆ ಮಾತ್ರ ಫಿಟ್ಸನ್ನು ತಡೆಯುತ್ತದೆ. ಆದ್ದರಿಂದ ರಕ್ತದಲ್ಲಿ ಔಷಧಿಯ ಮಟ್ಟ ಒಂದು ದಿನವೂ ಕುಸಿಯದಂತೆ, ಮಿತಿಮೀರಿ ಏರದಂತೆ ನೋಡಿಕೊಳ್ಳುವುದೇ ಈ ಚಿಕಿತ್ಸೆಯ ತಿರುಳು. ಮುಂದೆ ಬರೆದಿರುವುದೆಲ್ಲ ಈ ಒಂದು ಗುರಿಗಾಗಿಯೇ.

ಮುಂಬಯಿಯ ಉಪನಗರವೊಂದರ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು, ಮಾತ್ರೆ ಕೊಡುವಾಗ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ನರರೋಗ ತಜ್ಞರೇ ನಿರ್ಧರಿಸಬೇಕು. ಇಲ್ಲಿ ಹೇಳಿದ್ದಕ್ಕೂ ಅವರು ನಿಮಗೆ ಪ್ರತ್ಯೇಕವಾಗಿ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಪಾಲಿಸಿ.

1. ಚೀಟಿಯನ್ನು ವೈದ್ಯರ ಎದುರಿನಲ್ಲೇ ಓದಿಕೊಳ್ಳಿ

ವೈದ್ಯರ ಕೋಣೆಯಿಂದ ಹೊರಬರುವ ಮೊದಲು ಔಷಧಿಯ ಮೂಲ ಹೆಸರು, ಬ್ರಾಂಡ್ ಹೆಸರು, ಮಾತ್ರೆಯೊಂದರಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದು, ಮಾತ್ರೆಯ ಬಗೆ ಮತ್ತು ತೆಗೆದುಕೊಳ್ಳುವ ಸಮಯ ನಿಮಗೆ ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮಲ್ಲಿ ಹೆಚ್ಚಾಗಿ ಬರೆಯುವ ಔಷಧಿಗಳೆಂದರೆ ಫೆನಿಟಾಯಿನ್, ಕಾರ್ಬಮಜೆಪೀನ್, ಆಕ್ಸ್‌ಕಾರ್ಬಜೆಪೀನ್, ಸೋಡಿಯಂ ವ್ಯಾಲ್ಪ್ರೊಯೇಟ್, ಲೆವೆಟಿರಾಸಿಟಮ್, ಲ್ಯಾಮೊಟ್ರಿಜಿನ್, ಕ್ಲೋಬಜಾಮ್ ಮತ್ತು ಫಿನೋಬಾರ್ಬಿಟೋನ್. ಎಪ್ಟಾಯಿನ್, ಟೆಗ್ರಿಟಾಲ್, ವ್ಯಾಲ್ಪರಿನ್, ಲೆವಿಪಿಲ್, ಫ್ರಿಸಿಯಂ ಮುಂತಾದ ಬ್ರಾಂಡ್ ಹೆಸರುಗಳು ಎಲ್ಲರ ಬಾಯಲ್ಲಿದ್ದರೂ, ಊರಿಗೆ ಹೋದಾಗ ಅಥವಾ ಆಸ್ಪತ್ರೆ ಬದಲಾದಾಗ ಉಪಯೋಗಕ್ಕೆ ಬರುವುದು ಮೂಲ ಹೆಸರೇ.

ಹೆಸರಿನ ಬಾಲವನ್ನೂ ಗಮನಿಸಿ. ಹೆಸರಿನ ಮುಂದೆ ಸಿಆರ್, ಎಕ್ಸ್‌ಆರ್, ಇಆರ್ ಅಥವಾ ಕ್ರೋನೋ ಎಂದಿದ್ದರೆ ಅದು ಔಷಧಿಯನ್ನು ನಿಧಾನವಾಗಿ ಬಿಡುಗಡೆ ಮಾಡುವ ಮಾತ್ರೆ. ಟೆಗ್ರಿಟಾಲ್ 200 ಮತ್ತು ಟೆಗ್ರಿಟಾಲ್ ಸಿಆರ್ 200 ಎರಡರಲ್ಲೂ ಔಷಧಿಯ ತೂಕ ಒಂದೇ ಆದರೂ ಹೊಟ್ಟೆಯೊಳಗೆ ಅವುಗಳ ವೇಗ ಬೇರೆ. ಚೀಟಿಯಲ್ಲಿ ಒಂದು ಬರೆದಿದ್ದು ಕೈಗೆ ಇನ್ನೊಂದು ಬಂದರೆ ಅಂಗಡಿಯಲ್ಲೇ ನಿಂತು ಕೇಳಿ.

ಹಲವು ಔಷಧಿಗಳನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ ವಾರದಿಂದ ವಾರಕ್ಕೆ ಏರಿಸುತ್ತಾರೆ. ಲ್ಯಾಮೊಟ್ರಿಜಿನ್ ವಿಷಯದಲ್ಲಂತೂ ಈ ನಿಧಾನವೇ ರಕ್ಷಣೆ, ಏಕೆಂದರೆ ಬೇಗ ಏರಿಸಿದರೆ ಚರ್ಮದ ಗಂಭೀರ ಅಲರ್ಜಿಯ ಅಪಾಯ ಹೆಚ್ಚುತ್ತದೆ. ಯಾವ ತಾರೀಕಿನಿಂದ ಎಷ್ಟು ಮಾತ್ರೆ ಎಂಬುದನ್ನು ವೈದ್ಯರಿಂದಲೇ ಕ್ಯಾಲೆಂಡರಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

2. ಗಡಿಯಾರದ ಸಮಯ ನಿಗದಿ ಮಾಡಿ

ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ನಮ್ಮಲ್ಲಿ ಅನೇಕರು ಅದನ್ನು ತಿಂಡಿಯ ನಂತರ ಒಂದು, ಊಟದ ನಂತರ ಒಂದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ದಿನಕ್ಕೆ ಎರಡು ಬಾರಿ ಎಂದರೆ ಸುಮಾರು 12 ಗಂಟೆಗಳ ಅಂತರ ಎಂದರ್ಥ, ಮತ್ತು ಈ ನಗರದಲ್ಲಿ ತಿಂಡಿ ಊಟಗಳ ಹೊತ್ತನ್ನು ನಂಬಿ ಕೂರುವಂತಿಲ್ಲ.

ನಮ್ಮ ಅಂಗಡಿಗೆ ಬರುವ ಕುಂದಾಪುರ ಕಡೆಯ ಒಬ್ಬ ಹುಡುಗ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ. ಬೆಳಿಗ್ಗೆ ಎದ್ದಾಗ ಒಂದು, ರಾತ್ರಿ ಹೋಟೆಲ್ ಮುಚ್ಚಿ ಊಟ ಮಾಡಿದ ಮೇಲೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬೆಳಗಿನ ಪಾಳಿಯ ದಿನ 6 ಗಂಟೆಗೆ ನುಂಗಿದವನು ರಾತ್ರಿಯ ಮಾತ್ರೆ ನುಂಗುವಾಗ ಒಂದೂವರೆ ಆಗಿರುತ್ತಿತ್ತು. ನಡುವಿನ ಅಂತರ ಹತ್ತೊಂಬತ್ತು ಗಂಟೆಗೂ ಹೆಚ್ಚು. ಒಂದು ಮಾತ್ರೆಯನ್ನೂ ತಪ್ಪಿಸದಿದ್ದರೂ ಅವನಿಗೆ ಫಿಟ್ಸ್ ಬರುತ್ತಿತ್ತು. ಅವನ ವೈದ್ಯರು ಔಷಧಿಯನ್ನು ಬದಲಿಸದೆ ಸಮಯವನ್ನು ಬೆಳಿಗ್ಗೆ 11 ಮತ್ತು ರಾತ್ರಿ 11ಕ್ಕೆ ಬದಲಿಸಿದರು. ಪಾಳಿ ಯಾವುದಾದರೂ ಆ ಎರಡು ಹೊತ್ತಿನಲ್ಲಿ ಅವನು ಎಚ್ಚರವಾಗಿರುತ್ತಾನೆ, ಗಲ್ಲೆಯ ಪಕ್ಕದಲ್ಲಿ ನೀರೂ ಇರುತ್ತದೆ. ಪಾಳಿಯ ಕೆಲಸ ಮಾಡುವವರು ತಮ್ಮ ದಿನಚರಿಯನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ವಾರದ ಏಳೂ ದಿನ ಪಾಲಿಸಬಹುದಾದ ಸಮಯವನ್ನೇ ಕೇಳಿ ಪಡೆಯಬೇಕು.

ಮೊಬೈಲಿನಲ್ಲಿ ಎರಡು ಅಲಾರಂ ಇಟ್ಟುಕೊಳ್ಳಿ. ಅದರ ಜೊತೆಗೆ ವಾರದ ಏಳು ದಿನಗಳ ಖಾನೆಗಳಿರುವ ಮಾತ್ರೆ ಡಬ್ಬಿ ಇದ್ದರೆ, ಇವತ್ತಿನದು ನುಂಗಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿರುವುದಿಲ್ಲ. ಆ ಸಂಶಯದಿಂದ ಎರಡು ಸಲ ನುಂಗಿ, ತಲೆತಿರುಗಿ ಬಿದ್ದವರನ್ನು ನಾನು ಕಂಡಿದ್ದೇನೆ. ಒಂದೇ ಖೋಲಿಯಲ್ಲಿ ಹಲವರು ಇರುವ ಕಡೆ ಡಬ್ಬಿಯ ಮೇಲೆ ಹೆಸರು ಬರೆದಿಡಿ ಮತ್ತು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.

ಉಪವಾಸದ ದಿನಗಳ ಬಗ್ಗೆ ಒಂದು ಮಾತು. ಏಕಾದಶಿ, ನವರಾತ್ರಿ, ಈ ಊರಿನಲ್ಲಿ ಎಲ್ಲರೂ ಹಿಡಿಯುವ ಸಂಕಷ್ಟಿ, ಯಾವುದೇ ಇರಲಿ, ನೀರಿನೊಂದಿಗೆ ಮಾತ್ರೆ ನುಂಗುವುದನ್ನು ಬಿಡುವಂತಿಲ್ಲ. ಹೊಟ್ಟೆ ತೊಳಸುವ ಸ್ವಭಾವದ ಮಾತ್ರೆಯಾದರೆ ಹಣ್ಣು, ಹಾಲು ಜೊತೆಗಿರಲಿ. ರಂಜಾನ್ ಉಪವಾಸ ಮಾಡುವವರು ತಿಂಗಳಿಗೆ ಮೊದಲೇ ವೈದ್ಯರನ್ನು ಕಂಡರೆ, ದಿನಕ್ಕೊಮ್ಮೆ ಸಾಕಾಗುವ ಔಷಧಿ ಅಥವಾ ಬೇರೆ ಸಮಯ ಸಾಧ್ಯವೇ ಎಂದು ಅವರು ನೋಡಿ ಹೇಳುತ್ತಾರೆ. ಶಸ್ತ್ರಚಿಕಿತ್ಸೆಗಾಗಿ ಬರಿಹೊಟ್ಟೆಯಲ್ಲಿರಲು ಹೇಳಿದಾಗಲೂ ಅಂದಿನ ಮಾತ್ರೆಯನ್ನು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಬೇಕೇ ಎಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿ. ಬಹುತೇಕ ಸಂದರ್ಭಗಳಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ.

3. ಸರಿಯಾದ ರೀತಿಯಲ್ಲಿ ನುಂಗಿ, ಸರಿಯಾಗಿ ಅಳೆಯಿರಿ

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಬಾರದು, ಅಗಿಯಲೂ ಬಾರದು. ಹಾಗೆ ಮಾಡಿದರೆ ಇಡೀ ದಿನಕ್ಕೆ ಹಂಚಿಕೆಯಾಗಬೇಕಾದ ಔಷಧಿ ಒಮ್ಮೆಲೇ ರಕ್ತ ಸೇರುತ್ತದೆ. ನಡುವೆ ಗೀಟು ಇರುವ ಕೆಲವು ಮಾತ್ರೆಗಳನ್ನು ಅರ್ಧ ಮಾಡಬಹುದು. ನಿಮ್ಮದು ಆ ಜಾತಿಗೆ ಸೇರಿದ್ದೇ ಎಂದು ಫಾರ್ಮಸಿಸ್ಟನ್ನು ಕೇಳಿ. ನುಂಗಲು ಕಷ್ಟಪಡುವ ಮಗುವಿಗೋ ವಯಸ್ಸಾದವರಿಗೋ ಸಿರಪ್ ಸಿಗುತ್ತದೆ.

ಸಿರಪ್ ವಿಷಯದಲ್ಲಿ ಅಡುಗೆಮನೆಯ ಚಮಚವನ್ನು ಖಂಡಿತ ಬಳಸಬೇಡಿ. ವ್ಯಾಲ್ಪ್ರೊಯೇಟ್ ಸಿರಪ್ ಸಾಮಾನ್ಯವಾಗಿ 5 ಮಿ.ಲೀ.ಗೆ 200 ಮಿಲಿಗ್ರಾಂ, ಲೆವೆಟಿರಾಸಿಟಮ್ ಸಿರಪ್ 1 ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಹೀಗಾಗಿ ಒಂದೆರಡು ಮಿಲಿಲೀಟರಿನ ಅಂದಾಜೂ ಮಗುವಿಗೆ ದೊಡ್ಡ ವ್ಯತ್ಯಾಸ. ಸೂಜಿಯಿಲ್ಲದ, ಗೆರೆ ಹಾಕಿದ ಸಿರಿಂಜಿನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಹಾಕಿ. ವೈದ್ಯರು ಮಿಲಿಗ್ರಾಂ ಹೇಳಿದರೋ ಮಿ.ಲೀ. ಹೇಳಿದರೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಫೆನಿಟಾಯಿನ್ ಸಿರಪ್ಪಿನಲ್ಲಿ ಔಷಧಿಯ ಕಣಗಳು ಬಾಟಲಿಯ ತಳಕ್ಕೆ ಇಳಿಯುತ್ತವೆ. ಪ್ರತಿ ಸಲ ಚೆನ್ನಾಗಿ ಅಲುಗಾಡಿಸದೆ ಕೊಟ್ಟರೆ ಮೊದಲ ವಾರ ಮಗುವಿಗೆ ಹೋಗುವ ಔಷಧಿ ಸಾಲದು, ಬಾಟಲಿ ಮುಗಿಯುತ್ತ ಬಂದಾಗ ಅದೇ ಔಷಧಿ ಅತಿಯಾಗುತ್ತದೆ.

4. ಮಾತ್ರೆ ಮರೆತರೆ

ಮರೆವು ಯಾರಿಗೂ ತಪ್ಪಿದ್ದಲ್ಲ. ಹೀಗಾದಾಗ ಏನು ಮಾಡಬೇಕೆಂಬುದನ್ನು ಮೊದಲೇ ನಿಮ್ಮ ವೈದ್ಯರಿಂದ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ, ಏಕೆಂದರೆ ಔಷಧಿಯಿಂದ ಔಷಧಿಗೆ ಇದು ಬದಲಾಗುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಸಾಮಾನ್ಯ ನಿಯಮ ಹೀಗಿದೆ: ನೆನಪಾದ ಕೂಡಲೇ ಮರೆತ ಮಾತ್ರೆಯನ್ನು ತೆಗೆದುಕೊಳ್ಳಿ, ಆದರೆ ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೇ ನುಂಗಿ. ಬಿಟ್ಟುಹೋದದ್ದನ್ನು ಸರಿದೂಗಿಸಲು ಎರಡನ್ನೂ ಒಟ್ಟಿಗೆ ನುಂಗಬಾರದು.

ಒಂದಕ್ಕಿಂತ ಹೆಚ್ಚು ಡೋಸ್ ತಪ್ಪಿದ್ದರೆ ವೈದ್ಯರಿಗೆ ಫೋನ್ ಮಾಡಿ. ಲ್ಯಾಮೊಟ್ರಿಜಿನ್ ಕೆಲವು ದಿನ ತಪ್ಪಿದ್ದರೆ ಹಳೆಯ ಪ್ರಮಾಣದಿಂದಲೇ ನೇರವಾಗಿ ಆರಂಭಿಸಬೇಡಿ. ಮತ್ತೆ ಕಡಿಮೆಯಿಂದ ಏರಿಸಬೇಕಾಗಬಹುದು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ವಾಂತಿಯಾದರೆ, ಅಥವಾ ಭೇದಿ ಒಂದು ದಿನ ದಾಟಿದರೆ, ಔಷಧಿ ರಕ್ತ ಸೇರಿತೋ ಇಲ್ಲವೋ ಹೇಳಲಾಗದು. ಆಗ ಮತ್ತೆ ನುಂಗಬೇಕೇ ಎಂಬುದನ್ನು ವೈದ್ಯರನ್ನೇ ಕೇಳಬೇಕು.

ಮಾತ್ರೆ ತಪ್ಪಿದ ದಿನ ಇನ್ನೊಂದು ಎಚ್ಚರಿಕೆಯೂ ಬೇಕು. ಅಂದು ಲೋಕಲ್ಲಿನ ಬಾಗಿಲಲ್ಲಿ ನಿಲ್ಲಬೇಡಿ, ಪ್ಲಾಟ್‌ಫಾರಂ ಅಂಚಿನಿಂದ ಹಿಂದೆ ಸರಿದು ನಿಲ್ಲಿ, ಎತ್ತರ ಹತ್ತುವ ಕೆಲಸ ಮತ್ತು ಬಾಣಲೆಯ ಮುಂದಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ.

5. ಮಳೆಗಾಲದ ತೇವದಿಂದ ಮಾತ್ರೆಗಳನ್ನು ಕಾಪಾಡಿ

ಒಂದು ಜುಲೈ ತಿಂಗಳ ಸಂಜೆ ವಿಜಯಪುರ ಕಡೆಯ ಅಜ್ಜಿಯೊಬ್ಬರು ಮಗನ ಮಾತ್ರೆಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ತಂದು ಗಾಜಿನ ಮೇಲೆ ಸುರಿದು, "ತಮ್ಮಾ, ಇದರಾಗ ಯಾವುದು ಮುಂಜಾನೆದ್ದು, ಯಾವುದು ರಾತ್ರೀದು, ನೋಡಿ ಹೇಳಪಾ" ಎಂದರು. ಸ್ಟ್ರಿಪ್ಪಿನಿಂದ ಬಿಡಿಸಿ ಹಾಕಿದರೆ ಬೇಗ ಕೈಗೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಕೆಲವು ಮಾತ್ರೆಗಳು ತೇವ ಹೀರಿ ಉಬ್ಬಿದ್ದವು, ಅಂಚು ಬಿರುಕು ಬಿಟ್ಟಿತ್ತು, ಒಂದಕ್ಕೊಂದು ಅಂಟಿಕೊಂಡವನ್ನು ಬಿಡಿಸಿದರೆ ಬೆರಳಿಗೆ ಪುಡಿ ಹತ್ತುತ್ತಿತ್ತು.

ಇದು ನೋಟಕ್ಕೆ ಕೆಟ್ಟದಾಗಿ ಕಾಣುವ ಮಾತಷ್ಟೇ ಅಲ್ಲ. ಕಾರ್ಬಮಜೆಪೀನ್ ಮಾತ್ರೆಯನ್ನು ತೇವದ ಜಾಗದಲ್ಲಿಟ್ಟರೆ ಅದರ ಪರಿಣಾಮ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಬಲ್ಲದು. ಅಂದರೆ ಲೆಕ್ಕಕ್ಕೆ ಮೂರು ಮಾತ್ರೆ ನುಂಗಿದರೂ ದೇಹಕ್ಕೆ ಸಿಗುವುದು ಎರಡರಷ್ಟೇ ಆಗಬಹುದು. ಸೋಡಿಯಂ ವ್ಯಾಲ್ಪ್ರೊಯೇಟ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತುವೇ ಆಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗದ ಮುಂಬಯಿ ಮತ್ತು ಗೋವಾಗಳಲ್ಲಿ ಈ ಎರಡು ಔಷಧಿಗಳನ್ನು ತೆಗೆದುಕೊಳ್ಳುವವರು ಮಾತ್ರೆಯನ್ನು ನುಂಗುವ ಕ್ಷಣದವರೆಗೂ ಫಾಯಿಲ್ಲಿನಲ್ಲೇ ಇಡಬೇಕು. ವಾರದ ಡಬ್ಬಿ ಬಳಸುವುದಾದರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದು ಮಾತ್ರೆಯಾಗಿ ಕತ್ತರಿಸಿ, ಫಾಯಿಲ್ ಸಮೇತ ಖಾನೆಗಳಿಗೆ ಹಾಕಿ. ಅಡುಗೆಮನೆಯ ಗ್ಯಾಸಿನ ಮೇಲಿನ ಹಲಗೆ, ಬಚ್ಚಲಿನ ಗೂಡು, ಫ್ರಿಜ್ಜಿನ ಮೇಲ್ಭಾಗ ಇವು ಮೂರೂ ತಪ್ಪು ಜಾಗಗಳು. ಬಟ್ಟೆಯ ಕಪಾಟಿನ ಒಣ ಮೂಲೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದೇ ಸರಿ. ಉಬ್ಬಿದ, ಬಣ್ಣಗೆಟ್ಟ, ಪುಡಿಯಾದ ಮಾತ್ರೆಯನ್ನು, ದುಡ್ಡು ಕೊಟ್ಟು ತಂದದ್ದೆಂದು ನುಂಗಬೇಡಿ.

6. ದಾಸ್ತಾನು ಎಂದೂ ಬರಿದಾಗದಿರಲಿ

ಮನೆಯಲ್ಲಿ ಯಾವಾಗಲೂ ಕನಿಷ್ಠ ಎರಡು ವಾರಗಳ ಮಾತ್ರೆ ಉಳಿದಿರಬೇಕು. ಕೊನೆಯ ಸ್ಟ್ರಿಪ್ ಕೈಗೆ ತೆಗೆದುಕೊಂಡ ದಿನ ಔಷಧದಂಗಡಿಗೆ ಹೋಗುವುದಲ್ಲ, ಕೊನೆಯ ಎರಡು ವಾರದ ಸ್ಟ್ರಿಪ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಟ್ಟು, ಅದನ್ನು ಮುಟ್ಟಬೇಕಾದ ಹೊತ್ತಿಗೆ ಹೊಸದು ಬಂದಿರಬೇಕು.

ಮನೆಯ ದಾಸ್ತಾನಿನ ಜೊತೆಗೆ ಒಂದು ದಿನದ ಮಾತ್ರೆ ಸದಾ ನಿಮ್ಮ ಕೈಚೀಲದಲ್ಲಿರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು, ಕೆಲಸಕ್ಕೆ ಹೋದ ಲಕ್ಷಾಂತರ ಜನ ರಾತ್ರಿಯೆಲ್ಲ ಕಚೇರಿ, ರೈಲು, ಬಸ್ಸುಗಳಲ್ಲಿ ಸಿಕ್ಕಿಕೊಂಡದ್ದು ಈ ಊರಿನ ಹಳಬರಿಗೆ ಚೆನ್ನಾಗಿ ನೆನಪಿದೆ. ಅಷ್ಟು ದೊಡ್ಡ ಮಳೆ ಬೇಕಾಗಿಲ್ಲ. ಹಳಿಯ ಮೇಲೆ ನೀರು ನಿಂತು ಕುರ್ಲಾದಲ್ಲಿ ಲೋಕಲ್ ನಿಂತರೂ ರಾತ್ರಿ 8ರ ಮಾತ್ರೆ ತಪ್ಪುತ್ತದೆ.

ಊರಿಗೆ ಹೋಗುವಾಗ ಮಾತ್ರೆಗಳನ್ನು ಸೀಟಿನ ಕೆಳಗೆ ಸರಪಳಿ ಹಾಕಿದ ಪೆಟ್ಟಿಗೆಯಲ್ಲಿಡದೆ ಹೆಗಲ ಚೀಲದಲ್ಲಿಡಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಕರಾವಳಿಗೆ ಹೊರಟರೆ ರಾತ್ರಿಯ ಮಾತ್ರೆ ದಾರಿಯಲ್ಲೇ ಬರುತ್ತದೆ, ಕೊಂಕಣ ರೈಲ್ವೆಯ ದಾರಿಯಲ್ಲಿ ಗುಡ್ಡ ಕುಸಿದರೆ ಬೆಳಗಿನದ್ದೂ ಬರಬಹುದು. ಉಳಿಯುವ ದಿನಗಳಿಗಿಂತ ಒಂದು ವಾರದಷ್ಟು ಹೆಚ್ಚು ಮಾತ್ರೆ, ಚೀಟಿಯ ಮೊಬೈಲ್ ಫೋಟೊ, ಮೂಲ ಚೀಟಿ ಇವು ಜೊತೆಗಿರಲಿ. ಊರಿಗೆ ಹೋದ ಮೇಲೆ ಎದುರಾಗುವ ಇನ್ನೊಂದು ಅಪಾಯ ನಿದ್ದೆಗೆಡುವುದು. ಇಡೀ ರಾತ್ರಿಯ ಯಕ್ಷಗಾನ, ನೇಮ, ಇಲ್ಲಿ ಗಣಪತಿ ವಿಸರ್ಜನೆ, ಇವುಗಳಲ್ಲಿ ಭಾಗವಹಿಸುವ ಆಸೆ ಸಹಜವಾದದ್ದು. ಆದರೆ ಮಾತ್ರೆ ಸರಿಯಾಗಿ ನುಂಗಿದವರಿಗೂ ನಿದ್ದೆ ಕೆಟ್ಟರೆ ಫಿಟ್ಸ್ ಬರಬಹುದು. ಮೊದಲ ಪ್ರಸಂಗ ನೋಡಿ ಮಲಗುವುದೇ ಮೇಲು. ಮದ್ಯವೂ ಅಷ್ಟೇ ಅಪಾಯಕಾರಿ, ಮತ್ತು ಅತಿಯಾಗಿ ಕುಡಿದ ಮರುದಿನ ಅಪಾಯ ಇನ್ನೂ ಹೆಚ್ಚು.

7. ಔಷಧದಂಗಡಿಯಲ್ಲಿ ಕೇಳಬೇಕಾದದ್ದು

"ಆ ಕಂಪನಿಯದು ಮುಗಿದಿದೆ, ಇದೂ ಅದೇ" ಎಂದು ಬೇರೆ ಬ್ರಾಂಡ್ ಕೊಟ್ಟರೆ ಸುಮ್ಮನೆ ತೆಗೆದುಕೊಂಡು ಬರಬೇಡಿ. ಜನೌಷಧಿ ಕೇಂದ್ರದ ಜೆನೆರಿಕ್ ಮಾತ್ರೆಗಳು ಕೀಳೆಂದು ನಾನು ಹೇಳುತ್ತಿಲ್ಲ. ತಿಂಗಳ ಖರ್ಚು ಭಾರವಾಗಿ ಮಾತ್ರೆಯನ್ನೇ ಬಿಡುವುದಕ್ಕಿಂತ ಆ ಮಾತ್ರೆಗಳು ಸಾವಿರ ಪಾಲು ಮೇಲು. ಆದರೆ ಯಾವುದನ್ನು ಆರಿಸಿಕೊಂಡರೂ ಅದರಲ್ಲೇ ನಿಲ್ಲಿ, ಬದಲಾಯಿಸುವುದಾದರೆ ವೈದ್ಯರಿಗೆ ತಿಳಿಸಿಯೇ ಬದಲಾಯಿಸಿ. ಫೆನಿಟಾಯಿನ್, ಕಾರ್ಬಮಜೆಪೀನ್‌ಗಳಲ್ಲಿ ಬ್ರಾಂಡ್ ಬದಲಾದಾಗ ರಕ್ತದ ಮಟ್ಟ ಏರುಪೇರಾಗಬಹುದು. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆ, ಪುಣೆಯ ಸಸೂನ್, ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು, ಇಂಥ ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳಲ್ಲಿ ತೋರಿಸಿಕೊಳ್ಳುವವರು ಅಲ್ಲಿ ಸಿಗುವ ಔಷಧಿಯ ಕಂಪನಿ ಬದಲಾದಾಗ ಅದರ ತಾರೀಕನ್ನು ಬರೆದಿಟ್ಟುಕೊಳ್ಳಬೇಕು.

ಮರಾಠಿ ಇನ್ನೂ ಬಾರದವರು ಯಾವುದೇ ಹೊಸ ಔಷಧಿ ಕೊಳ್ಳುವಾಗ "ಮಲಾ ಫಿಟ್ಸ್‌ಚ್ಯಾ ಗೋಳ್ಯಾ ಚಾಲೂ ಆಹೇತ" (ನನಗೆ ಫಿಟ್ಸ್ ಮಾತ್ರೆಗಳು ನಡೆಯುತ್ತಿವೆ) ಎಂಬ ಒಂದು ವಾಕ್ಯವನ್ನು ಕಲಿತಿರಲಿ. ಎದುರಿಗಿರುವವರು ಎರಡು ಸಲ ಯೋಚಿಸಿ ಕೊಡಲು ಇಷ್ಟು ಸಾಕು.

8. ಬೇರೆ ಔಷಧಿಗಳೊಂದಿಗೆ ಹೊಂದಾಣಿಕೆ

ಕಾರ್ಬಮಜೆಪೀನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಈ ಮೂರೂ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇತರ ಹಲವು ಔಷಧಿಗಳನ್ನು ಬೇಗ ಕರಗಿಸಿಬಿಡುತ್ತವೆ. ಗರ್ಭನಿರೋಧಕ ಮಾತ್ರೆ ಕೆಲಸ ಮಾಡದೆ ಹೋಗಬಹುದು, ರಕ್ತ ತೆಳುವಾಗಿಸುವ ವಾರ್ಫರಿನ್‌ನ ಪ್ರಮಾಣ ತಪ್ಪಬಹುದು. ಇದಕ್ಕೆ ವಿರುದ್ಧವಾಗಿ ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು ಕಾರ್ಬಮಜೆಪೀನ್ ಮಟ್ಟವನ್ನು ವಿಷದ ಮಟ್ಟಕ್ಕೆ ಏರಿಸಬಲ್ಲವು. ಕ್ಷಯರೋಗದ ಚಿಕಿತ್ಸೆ ಆರಂಭವಾದಾಗ ಹೆಚ್ಚಿನ ಎಚ್ಚರ ಬೇಕು. ಐಸೋನಿಯಾಜಿಡ್ ಫೆನಿಟಾಯಿನ್ ಮತ್ತು ಕಾರ್ಬಮಜೆಪೀನ್ ಮಟ್ಟವನ್ನು ಏರಿಸುತ್ತದೆ, ರಿಫಾಂಪಿಸಿನ್ ಹಲವು ಫಿಟ್ಸ್ ಔಷಧಿಗಳ ಮಟ್ಟವನ್ನು ಇಳಿಸುತ್ತದೆ, ಎರಡನ್ನೂ ಒಟ್ಟಿಗೇ ಕೊಡುತ್ತಾರೆ. ಆದ್ದರಿಂದ ಟಿಬಿ ಚಿಕಿತ್ಸೆ ಕೊಡುವವರಿಗೂ ನರರೋಗ ತಜ್ಞರಿಗೂ ಪರಸ್ಪರರ ಚೀಟಿ ತೋರಿಸಲೇಬೇಕು.

ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ವೈದ್ಯರನ್ನು ಕಾಣದೆ ಅಂಗಡಿಯಿಂದ ತರುವ ಒಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಮತ್ತು ಬೆನ್ನುನೋವಿಗೆ ಕೇಳಿ ಪಡೆಯುವ ಟ್ರಮಡಾಲ್ ಇವು ಸ್ವತಃ ಫಿಟ್ಸನ್ನು ಪ್ರಚೋದಿಸಬಲ್ಲ ಔಷಧಿಗಳು. ಆಸಿಡಿಟಿಗೆ ಕುಡಿಯುವ ಆಂಟಾಸಿಡ್ ಫೆನಿಟಾಯಿನ್ ಹೀರಿಕೆಗೆ ಅಡ್ಡಿ ಮಾಡುವುದರಿಂದ ಎರಡರ ನಡುವೆ ಎರಡು ಗಂಟೆಯಾದರೂ ಬಿಡಿ.

ಮನೆಮದ್ದಿನ ಬಗ್ಗೆಯೂ ಹೇಳಬೇಕು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ ಎಂಬುದು ಬಹಳ ಕಾಲದಿಂದ ತಿಳಿದ ಸಂಗತಿ. ನೀಲಗಿರಿ ಎಣ್ಣೆಯಿಂದಲೂ ಫಿಟ್ಸ್ ಬಂದದ್ದು ದಾಖಲಾಗಿದೆ. ಮೂರ್ಛೆರೋಗ ಇರುವವರ ಮೂಗಿಗೆ, ಎದೆಗೆ ಇವನ್ನು ಹಚ್ಚುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. "ನೂರಕ್ಕೆ ನೂರು ಗುಣ" ಎಂದು ಅಂಚೆಯಲ್ಲಿ ಕಳಿಸುವ, ಹೆಸರಿಲ್ಲದ ಪುಡಿಗಳಲ್ಲಿ ಹೇಳದೆ ಬೆರೆಸಿದ ಫಿನೋಬಾರ್ಬಿಟೋನ್‌ನಂಥ ಔಷಧಿಗಳೂ ಸೀಸದಂಥ ಲೋಹಗಳೂ ಪರೀಕ್ಷೆಗಳಲ್ಲಿ ಸಿಕ್ಕಿವೆ. ಅಂಥ ಪುಡಿ ಮುಗಿದ ದಿನ ದೇಹಕ್ಕೆ ಗೊತ್ತಿಲ್ಲದಂತೆ ಸಿಗುತ್ತಿದ್ದ ಔಷಧಿಯೂ ನಿಂತು, ಫಿಟ್ಸ್ ಮೇಲಿಂದ ಮೇಲೆ ಬರಬಹುದು.

9. ಅಡ್ಡ ಪರಿಣಾಮಗಳು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು

ಮೊದಲ ವಾರಗಳಲ್ಲಿ ತೂಕಡಿಕೆ, ತಲೆ ಹಗುರಾದಂತೆ ಅನ್ನಿಸುವುದು, ಹೊಟ್ಟೆ ತೊಳಸುವುದು ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರಲ್ಲಿ ಇಳಿಯುತ್ತದೆ. ವ್ಯಾಲ್ಪ್ರೊಯೇಟಿನಿಂದ ತೂಕ ಏರಬಹುದು, ಕೂದಲು ಉದುರಬಹುದು, ಕೈ ನಡುಗಬಹುದು. ಫೆನಿಟಾಯಿನ್‌ನಿಂದ ವಸಡು ಊದುತ್ತದೆ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ದಂತವೈದ್ಯರಿಗೆ ಔಷಧಿಯ ಹೆಸರು ಹೇಳಿ. ಲೆವೆಟಿರಾಸಿಟಮ್ ಕೆಲವರನ್ನು ಸಿಡುಕರನ್ನಾಗಿಸುತ್ತದೆ, ಖಿನ್ನತೆ ತರುತ್ತದೆ. ಶಾಂತ ಸ್ವಭಾವದ ಮಗ ತಾಯಿಯ ಮೇಲೆ ತಟ್ಟೆ ಎಸೆಯುವಂತಾದರೆ ಅದನ್ನು ಅವನ ಗುಣದೋಷವೆಂದು ಜಗಳವಾಡದೆ ವೈದ್ಯರಿಗೆ ಹೇಳಿ. ಬದುಕು ಬೇಡವೆಂಬ ಮಾತು ಬಂದರೆ ಅಂದೇ ಹೇಳಿ, ಒಬ್ಬರನ್ನೇ ಬಿಡಬೇಡಿ.

ಹೊಸ ಔಷಧಿ ಆರಂಭಿಸಿದ ಮೊದಲ ಎರಡು ತಿಂಗಳಲ್ಲಿ ಜ್ವರದೊಂದಿಗೆ ಮೈಮೇಲೆ ಕೆಂಪು ದದ್ದು, ಬಾಯಿ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮದ ಗುಳ್ಳೆ ಕಂಡರೆ ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆಗೆ ಹೋಗಿ. ಕಾರ್ಬಮಜೆಪೀನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ಗಳಲ್ಲಿ ಅಪರೂಪಕ್ಕೆ ಬರುವ ಈ ಅಲರ್ಜಿ ಪ್ರಾಣಕ್ಕೆ ಎರವಾಗಬಲ್ಲದು. ಗಾಂವಠಿ ಮದ್ದು ಹಚ್ಚಿ ಕಾಯುವ ಕಾಯಿಲೆ ಇದಲ್ಲ. ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಮೈಮೇಲೆ ನೀಲಿ ಕಲೆ, ನಿದ್ದೆಯಿಂದ ಎಬ್ಬಿಸಲಾಗದ ಮಂಪರು ಇವೂ ತುರ್ತಿನ ಲಕ್ಷಣಗಳೇ.

ಫೆನಿಟಾಯಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅಗ್ಗವಾದ ಈ ಔಷಧಿಯನ್ನು ನಮ್ಮವರು ಬಹಳ ಜನ ನುಂಗುತ್ತಾರೆ. ಇದನ್ನು ಒಡೆಯುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ಹತ್ತಿರವಾದಾಗ ದಿನಕ್ಕೆ 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದರೆ ರಕ್ತದ ಮಟ್ಟ ಆ ಲೆಕ್ಕದಲ್ಲಿ ಏರದೆ, ಎರಡು ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚಾಗಿಬಿಡಬಹುದು. ನಡೆಯುವಾಗ ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು, ನಾಲಿಗೆ ತೊದಲುವುದು ಆಗ ಕಾಣುವ ಲಕ್ಷಣಗಳು. ಕುಡಿದಿದ್ದಾನೆಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬೆಳಗಿನ ಮಾತ್ರೆಗೆ ಮುಂಚೆ ತೆಗೆದ ರಕ್ತದಲ್ಲಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸಾಮಾನ್ಯವಾಗಿ ಸರಿಯೆನ್ನುತ್ತಾರೆ. ಫಿಟ್ಸ್ ಬಂತೆಂದು ಮನೆಯವರೇ ಅರ್ಧ ಮಾತ್ರೆ ಏರಿಸುವುದು ಈ ಔಷಧಿಯಲ್ಲಿ ಬಹಳ ಅಪಾಯಕಾರಿ.

10. ಹೆಣ್ಣುಮಕ್ಕಳ ವಿಷಯ

ಮದುವೆಯ ಮಾತು ಆರಂಭವಾದಾಗ ಮಾತ್ರೆಯನ್ನು ಮುಚ್ಚಿಡುವುದು, ಗಂಡನ ಮನೆಗೆ ಹೋದ ಮೇಲೆ ಯಾರಿಗೂ ತಿಳಿಯಬಾರದೆಂದು ನಿಲ್ಲಿಸುವುದು ನಮ್ಮ ಸಮಾಜದಲ್ಲಿ ಇಂದಿಗೂ ಇದೆ. ಮೂರ್ಛೆರೋಗವನ್ನು ಮದುವೆ ರದ್ದುಪಡಿಸುವ ಕಾರಣಗಳ ಪಟ್ಟಿಯಿಂದ ಹಿಂದೂ ವಿವಾಹ ಕಾಯ್ದೆಯ 1999ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ ಎಂಬುದನ್ನು ಹೆತ್ತವರು ತಿಳಿದಿರಬೇಕು. ಬಚ್ಚಿಟ್ಟು ನುಂಗುವ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಮೊದಲೇ ಹೇಳಿ ಮಾಡುವ ಮದುವೆಯೇ ಹುಡುಗಿಯ ಪ್ರಾಣಕ್ಕೆ ಕ್ಷೇಮ.

ಗರ್ಭ ಧರಿಸುವ ಯೋಚನೆ ಬಂದಾಗಲೇ, ಅಂದರೆ ತಿಂಗಳುಗಳ ಮುಂಚೆ, ತಜ್ಞರನ್ನು ಕಾಣಿ. ಗರ್ಭದಲ್ಲಿದ್ದಾಗ ವ್ಯಾಲ್ಪ್ರೊಯೇಟಿಗೆ ಒಡ್ಡಿಕೊಂಡ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟು ನ್ಯೂನತೆಗಳೂ, 30ರಿಂದ 40 ಮಕ್ಕಳಿಗೆ ಬೆಳವಣಿಗೆ ಮತ್ತು ಕಲಿಕೆಯ ತೊಂದರೆಗಳೂ ಕಂಡಿವೆ. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್ ಇದಕ್ಕಿಂತ ಎಷ್ಟೋ ಸುರಕ್ಷಿತ. ಆದರೆ ಗರ್ಭಿಣಿಯರಲ್ಲಿ ಇವುಗಳ ರಕ್ತದ ಮಟ್ಟ ಇಳಿಯುವುದರಿಂದ ಪ್ರಮಾಣವನ್ನು ಆಗಾಗ ನೋಡಬೇಕಾಗುತ್ತದೆ. ಫೋಲಿಕ್ ಆಸಿಡ್ ಎಷ್ಟು ಬೇಕೆಂದು ವೈದ್ಯರು ಹೇಳುತ್ತಾರೆ. ಬಸಿರಾದದ್ದು ಗೊತ್ತಾದ ಗಾಬರಿಯಲ್ಲಿ, ವ್ಯಾಲ್ಪ್ರೊಯೇಟೇ ಆಗಿದ್ದರೂ, ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ದೊಡ್ಡ ಫಿಟ್ಸ್ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಆ ವಾರದಲ್ಲೇ ತಜ್ಞರನ್ನು ಕಾಣಿ. ಹೆಚ್ಚಿನ ಔಷಧಿಗಳೊಂದಿಗೆ ಎದೆಹಾಲು ಕೊಡಬಹುದು.

11. ಮಾತ್ರೆ ನುಂಗುತ್ತಿದ್ದರೂ ಫಿಟ್ಸ್ ಬಂದರೆ

ಸಮಯ ನೋಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಚಮಚ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದರಿಂದ ಯಾವ ಉಪಯೋಗವೂ ಇಲ್ಲ. ವೈದ್ಯರು ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಿ. ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ ಮತ್ತು ಗೋವಾ ಎರಡರಲ್ಲೂ ಇದೇ ಸಂಖ್ಯೆ. ಪೂರ್ತಿ ಎಚ್ಚರವಾದ ಮೇಲೆ ಹಿಂದಿನ ಮಾತ್ರೆ ತಪ್ಪಿತ್ತೇ ಎಂದು ನೋಡಿ, ತಾರೀಕು, ಹೊತ್ತು, ಎಷ್ಟು ನಿಮಿಷ, ಹಿಂದಿನ ರಾತ್ರಿಯ ನಿದ್ದೆ, ಜ್ವರ ಎಲ್ಲವನ್ನೂ ಒಂದು ವಹಿಯಲ್ಲಿ ಬರೆಯಿರಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ನೂರು ಮಾತಿನ ವಿವರಣೆಗಿಂತ ವೈದ್ಯರಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

12. ಮಾತ್ರೆ ನಿಲ್ಲಿಸುವ ಪ್ರಶ್ನೆ

ಆರು ತಿಂಗಳಿನಿಂದ ಏನೂ ಆಗಿಲ್ಲ, ಇನ್ನು ಮಾತ್ರೆ ಯಾಕೆ ಎಂದು ಕೇಳುವವರಿಗೆ ನಾನು ಹೇಳುವುದು, ಏನೂ ಆಗದಿರುವುದು ಮಾತ್ರೆಯ ಕೆಲಸದಿಂದಲೇ ಎಂದು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ನಿಲ್ಲದ ಸ್ಥಿತಿ ಉಂಟಾಗಬಹುದು. ಅದರಿಂದ ಮಿದುಳಿಗೆ ಹಾನಿಯಾಗಬಹುದು, ಸಾವೂ ಬರಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಇಲ್ಲದೆ ಕಳೆದ ಮೇಲೆ, ಕಾಯಿಲೆಯ ಕಾರಣ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಎಂಆರ್‌ಐ, ರೋಗಿಯ ಉದ್ಯೋಗ ಎಲ್ಲವನ್ನೂ ತೂಗಿ ನೋಡಿ ವೈದ್ಯರು ನಿಲ್ಲಿಸುವ ಮಾತನ್ನು ಎತ್ತುತ್ತಾರೆ. ಮಿದುಳಿನಲ್ಲಿ ಲಾಡಿಹುಳುವಿನ ಗಂಟು ಒಂದೇ ಇದ್ದು ಅದು ಕರಗಿಹೋದವರಲ್ಲಿ ಇನ್ನೂ ಬೇಗ ನಿಲ್ಲಿಸುವುದುಂಟು, ಕೆಲವು ಬಗೆಯ ಮೂರ್ಛೆರೋಗದಲ್ಲಿ ಬಹುಕಾಲ ಮುಂದುವರಿಸಬೇಕಾಗುವುದೂ ಉಂಟು. ನಿಲ್ಲಿಸುವಾಗಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಎರಡು ಔಷಧಿಗಳಿದ್ದರೆ ಒಂದಾದ ಮೇಲೆ ಒಂದು. ಇಳಿಸುತ್ತಿರುವ ಅವಧಿಯಲ್ಲೂ ಆಮೇಲೆ ಕೆಲವು ತಿಂಗಳೂ ವಾಹನ ಓಡಿಸುವುದು, ಒಬ್ಬರೇ ಈಜುವುದು, ಬಚ್ಚಲಿನ ಚಿಲಕ ಹಾಕುವುದು ಬೇಡ. ಕೊನೆಯ ಚೀಟಿಯನ್ನೂ ಫಿಟ್ಸ್ ವಹಿಯನ್ನೂ ಎಸೆಯದೆ ಇಟ್ಟುಕೊಂಡಿರಿ. ಮತ್ತೆ ಎಂದಾದರೂ ಔಷಧಿ ಆರಂಭಿಸಬೇಕಾಗಿ ಬಂದರೆ, ಯಾವುದು ಒಗ್ಗಿತ್ತು, ಯಾವುದರಿಂದ ದದ್ದು ಎದ್ದಿತ್ತು ಎಂಬುದನ್ನು ವೈದ್ಯರು ಅಲ್ಲಿಂದಲೇ ತಿಳಿದುಕೊಳ್ಳುತ್ತಾರೆ.